ಪೋಸ್ಟ್ ತೆಗೆದರೆ ಕಾರಣ ಬರೆಯಬೇಕು: ಬೆಳಗಾವಿಯ ಕೋಡಿಂಗ್ ಬಳಗವೊಂದರ ಮಾಡರೇಶನ್

"ಸರ, ಪ್ರೋಗ್ರಾಮ್ ಬರವಲ್ದು. ನಾಳೆ ಲ್ಯಾಬ್ ಇಂಟರ್ನಲ್ ಐತಿ." ಅದರ ಕೆಳಗೆ ಮೊಬೈಲಿನಲ್ಲಿ ಓರೆಯಾಗಿ ತೆಗೆದ ಮಾನಿಟರಿನ ಫೋಟೊ. ಟ್ಯೂಬ್‌ಲೈಟಿನ ಬೆಳಕು ಪರದೆಯ ನಡುವೆ ಬಿದ್ದು ಅರ್ಧ ಕೋಡ್ ಕಾಣುವುದೇ ಇಲ್ಲ. ನಮ್ಮ ಬಳಗಕ್ಕೆ ಬರುವ ಪ್ರಶ್ನೆಗಳಲ್ಲಿ ದೊಡ್ಡ ಪಾಲು ಇಂಥವೇ. ಡಿಲೀಟ್ ಮಾಡಲು ಒಂದು ಕ್ಷಣ ಸಾಕು. ಉತ್ತರ ಕೊಡಬಹುದಾದ ಪ್ರಶ್ನೆಯಾಗಿ ತಿದ್ದಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಕೊಡುವವರೇ ಮಾಡರೇಟರ್ (ಬಳಗದ ಪೋಸ್ಟ್‌ಗಳನ್ನು ನೋಡಿಕೊಳ್ಳುವವರು) ಆಗಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ಇರುವ ಊರಿದು. ಹಾಗಾಗಿ ಬಳಗದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳೇ ಹೆಚ್ಚು. ಅವರ ಜೊತೆಗೆ ಉದ್ಯಮಬಾಗ ಕೈಗಾರಿಕಾ ಪ್ರದೇಶದ ವರ್ಕ್‌ಶಾಪುಗಳ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರ) ಆಪರೇಟರುಗಳಿದ್ದಾರೆ, ತೋಟದ ಪಂಪಿಗೆ ಆರ್ಡಿನೊ ಎಂಬ ಪುಟ್ಟ ಕಂಟ್ರೋಲ್ ಬೋರ್ಡ್ ಜೋಡಿಸಲು ಹೊರಟ ಹುಡುಗರಿದ್ದಾರೆ, ಕೆಲಸ ಹುಡುಕುತ್ತಿರುವ ಪದವೀಧರರಿದ್ದಾರೆ. ಹರಟೆ, ಪ್ರಕಟಣೆ ಟೆಲಿಗ್ರಾಂನಲ್ಲಿ. ಪ್ರಶ್ನೆ, ಉತ್ತರ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪಿನ ಥ್ರೆಡ್‌ಗಳಲ್ಲಿ, ಅಂದರೆ ಒಂದು ಪ್ರಶ್ನೆಗೆ ಒಂದು ಸಂದೇಶ ಸರಣಿಯಲ್ಲಿ. ಎರಡನ್ನೂ ಒಂದೇ ತಂಡ ನೋಡಿಕೊಳ್ಳುತ್ತದೆ.

ಫೋಟೊ ಹಾಕಿದವರಿಗೆ ಕೇಳುವುದು ಮೂರೇ ಮಾತು: ಯಾವ ಸಾಲಿನಲ್ಲಿ ಎಡವುತ್ತಿದೆ, ಏನು ಬರಬೇಕಿತ್ತು, ಏನು ಬರುತ್ತಿದೆ? ಕೋಡನ್ನು ಅಕ್ಷರವಾಗಿಯೇ ಹಾಕಿ ಎನ್ನುತ್ತೇವೆ, ಏಕೆಂಬುದನ್ನೂ ಅಲ್ಲೇ ಹೇಳುತ್ತೇವೆ. ಫೋಟೊದಿಂದ ಕೋಡ್ ಕಾಪಿ ಮಾಡಿ ಓಡಿಸಿ ನೋಡಲು ಬರುವುದಿಲ್ಲ. ಮುಂದಿನ ಸೆಮಿಸ್ಟರಿನವರು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದಲಾರದು. "ಫೋಟೊ ಹಾಕಬೇಡಿ" ಎಂದಷ್ಟೇ ಬರೆದಾಗ ಜನ ಸುಮ್ಮನೆ ಹೊರಟುಹೋಗುತ್ತಾರೆ. ಈ ಮೂರು ಕಾರಣ ಓದಿದವರು ಸಾಮಾನ್ಯವಾಗಿ ಕೋಡ್ ತಂದು ಹಾಕುತ್ತಾರೆ.

ಅಕ್ಷರವಾಗಿ ಹಾಕಿದರೂ ಕಾಟ ತಪ್ಪುವುದಿಲ್ಲ. ಪೈಥಾನ್ ಭಾಷೆಯ ಕ್ಲಾಸಿನಲ್ಲಿ ಇನಿಟ್ (__init__) ಎಂಬ ಮೆಥಡ್‌ನ ಹಿಂದೆ ಎರಡು, ಮುಂದೆ ಎರಡು ಅಂಡರ್‌ಸ್ಕೋರ್ ಇರಲೇಬೇಕು. ಡಿಸ್ಕಾರ್ಡ್‌ಗೆ ಅದನ್ನು ನೇರವಾಗಿ ಅಂಟಿಸಿದರೆ ಅಂಡರ್‌ಸ್ಕೋರ್ ಮಾಯವಾಗಿ ಪದಕ್ಕೆ ಅಡಿಗೆರೆ ಬೀಳುತ್ತದೆ. ಟೆಲಿಗ್ರಾಂನಲ್ಲಿ ಅದೇ ಪದ ಓರೆ ಅಕ್ಷರವಾಗುತ್ತದೆ. ಓದಿದವರು "ನಿಮ್ಮ ಅಂಡರ್‌ಸ್ಕೋರ್ ಬಿಟ್ಟುಹೋಗಿದೆ" ಎಂದು ಉತ್ತರ ಬರೆಯುತ್ತಾರೆ, ಕೇಳಿದವರ ಫೈಲಿನಲ್ಲಿ ಅದು ಸರಿಯಾಗಿಯೇ ಇರುತ್ತದೆ, ಅಲ್ಲಿಂದ ಅರ್ಧ ಗಂಟೆ ವಾದ. ಇನ್ನು ಮೊಬೈಲ್ ಕೀಬೋರ್ಡ್ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸಿದರೆ ಪೈಥಾನ್ ಅದನ್ನು ಅಕ್ರಮ ಅಕ್ಷರವೆಂದು ತಳ್ಳಿಹಾಕುತ್ತದೆ. ಆದ್ದರಿಂದ ಮಾಡರೇಟರ್ ಮೊದಲು ಮಾಡುವ ತಿದ್ದುಪಡಿ ಒಂದೇ: ಕೋಡಿನ ಮೇಲೆ ಮೂರು, ಕೆಳಗೆ ಮೂರು ಬ್ಯಾಕ್‌ಟಿಕ್ (`) ಚಿಹ್ನೆ ಹಾಕಿಸುವುದು, ಆಗ ಕೋಡ್ ಇದ್ದಂತೆಯೇ ಕಾಣುತ್ತದೆ. ಡಿಸ್ಕಾರ್ಡ್‌ನಲ್ಲಿ ಮಾಡರೇಟರಿಗೂ ಬೇರೆಯವರ ಸಂದೇಶ ತಿದ್ದಲು ಬರುವುದಿಲ್ಲ, ಬರೆದವರೇ ತಿದ್ದಬೇಕು. ಬ್ಯಾಕ್‌ಟಿಕ್ ಕೀ ಎಲ್ಲಿದೆ ಎಂಬುದೇ ಹಲವರಿಗೆ ಗೊತ್ತಿರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್ ಕೀಯ ಕೆಳಗೆ ಇರುತ್ತದೆ ಎಂದು ಪಿನ್ ಮಾಡಿದ ಸಂದೇಶದ ಮೊದಲ ಸಾಲಿನಲ್ಲೇ ಬರೆದಿದ್ದೇವೆ.

ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುವುದು ಇನ್ನೊಂದು ಸಂಗತಿ. ಸಿ ಭಾಷೆಯ ಹಳೆಯ ಕಂಪೈಲರ್ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಸಾಧನ) ಟರ್ಬೊ ಸಿಯಲ್ಲಿ ಕಲಿತು, ಮನೆಯ ಲ್ಯಾಪ್‌ಟಾಪಿನಲ್ಲಿ ಈಗಿನ ಜಿಸಿಸಿ ಕಂಪೈಲರ್ ಹಾಕಿಕೊಂಡವರಿಗೆ ಸ್ಕ್ರೀನ್ ಒರೆಸುವ ಫಂಕ್ಷನ್ ಸಿಗುವುದಿಲ್ಲ, ಲಿನಕ್ಸ್‌ನಲ್ಲಾದರೆ ಅದಕ್ಕೆ ಬೇಕಾದ ಕಾನಿಯೊ ಹೆಡರ್ ಫೈಲೇ ಸಿಗುವುದಿಲ್ಲ. ಹಳೆಯ ಪುಸ್ತಕ ನೋಡಿ ಒಂದು ಸಾಲು ಓದುವ ಗೆಟ್ಸ್ ಫಂಕ್ಷನ್ ಬರೆದವರಿಗೆ ಕಂಪೈಲರ್ ಎಚ್ಚರಿಕೆ ಇಲ್ಲವೇ ಎರರ್ ಕೊಡುತ್ತದೆ. 2011ರ ಸಿ ಮಾನಕದಲ್ಲೇ ಅದನ್ನು ಕೈಬಿಡಲಾಗಿದೆ, ಏಕೆಂದರೆ ಎಷ್ಟು ಅಕ್ಷರ ಓದಬೇಕೆಂಬ ಮಿತಿ ಅದಕ್ಕಿಲ್ಲ. ಸಂಖ್ಯೆ ಓದಿದ ಮೇಲೆ, ಇನ್‌ಪುಟ್ ಓದುವ ಸ್ಕ್ಯಾನ್‌ಎಫ್ ಫಂಕ್ಷನ್‌ನಿಂದ ಒಂದು ಅಕ್ಷರ ಓದಲು ಹೋದರೆ, ಹಿಂದೆ ಒತ್ತಿದ ಎಂಟರ್ ಕೀಯೇ ಆ ಅಕ್ಷರವಾಗಿ ಸಿಗುತ್ತದೆ. ಶೇಕಡಾ-ಸಿ (%c) ಚಿಹ್ನೆಯ ಮುಂಚೆ ಒಂದು ಖಾಲಿ ಜಾಗ ಬಿಟ್ಟರೆ ಸರಿಹೋಗುತ್ತದೆ. ಇಂಥವಕ್ಕೆಲ್ಲ ಒಂದೊಂದು ಒಳ್ಳೆಯ ಉತ್ತರ ಬರೆದಿಟ್ಟುಕೊಂಡು ಹೊಸ ಪ್ರಶ್ನೆಯನ್ನು ಅಲ್ಲಿಗೆ ಕಳಿಸುತ್ತೇವೆ. ಆದರೆ "ಈಗಾಗಲೇ ಉತ್ತರ ಇದೆ" ಎಂದು ಲಿಂಕ್ ಎಸೆದು ಥ್ರೆಡ್ ಮುಚ್ಚುವುದನ್ನು ನಿಲ್ಲಿಸಿದ್ದೇವೆ. ಹೊಸಬರಿಗೆ ತಮ್ಮ ಪ್ರಶ್ನೆಯೂ ಆ ಪ್ರಶ್ನೆಯೂ ಒಂದೇ ಎಂದು ಕಾಣುವುದಿಲ್ಲ. ಕಾಣುತ್ತಿದ್ದರೆ ಕೇಳುತ್ತಲೇ ಇರಲಿಲ್ಲ. "ನಿಮ್ಮ ಒಂಬತ್ತನೆಯ ಸಾಲು ನೋಡ್ರಿ, ಅಲ್ಲಿ ಓದುತ್ತಿರುವುದು ಹಿಂದಿನ ಎಂಟರ್ ಕೀ. ಈ ಉತ್ತರದ ಎರಡನೆಯ ಭಾಗದಲ್ಲಿ ಅದೇ ಇದೆ" ಎಂದು ಒಂದು ಸಾಲು ಸೇರಿಸಿ ಕಳಿಸಿದರೆ ದೂರು ಬರುವುದಿಲ್ಲ.

ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಜಾಲತಾಣವಾದ ಸ್ಟ್ಯಾಕ್ ಓವರ್‌ಫ್ಲೋ ಮಾದರಿಯನ್ನೇ ಇಟ್ಟುಕೊಳ್ಳೋಣ ಎಂಬ ಸಲಹೆ ಆಗಾಗ ಬರುತ್ತದೆ. ಅಲ್ಲಿ 3,000 ಅಂಕ ಗಳಿಸಿದವರಿಗೆ ಪ್ರಶ್ನೆ ಮುಚ್ಚುವ ಮತ ಸಿಗುತ್ತದೆ, ಮೂರು ಮತ ಬಿದ್ದರೆ ಪ್ರಶ್ನೆ ಮುಚ್ಚುತ್ತದೆ. ಲಕ್ಷಾಂತರ ಜನ ಬಳಸುವ ಕಡೆ ಅದು ಬೇಕೇ ಬೇಕು. ಚಿಕ್ಕ ಬಳಗದಲ್ಲಿ ಮೂರು ಮತವೆಂದರೆ ಒಂದೇ ಹಾಸ್ಟೆಲ್ ರೂಮಿನ ಮೂವರು ಗೆಳೆಯರು. ಹೀಗಾಗಿ ಮತ ಬಿಟ್ಟು, ಮುಚ್ಚಿದ ಮಾಡರೇಟರ್ ಹೆಸರು ಹಾಕಿ ಕಾರಣ ಬರೆಯುವ ಪದ್ಧತಿ ಇಟ್ಟುಕೊಂಡೆವು.

ಕಾರಣ ಬರೆಯುವುದಕ್ಕೂ ಒಂದು ರೀತಿ ಇದೆ. ಏನನ್ನು ತೆಗೆದೆವು, ಯಾವ ನಿಯಮದ ಪ್ರಕಾರ, ಏನು ಬದಲಿಸಿದರೆ ಮತ್ತೆ ಹಾಕಬಹುದು ಎಂಬ ಮೂರೂ ಅದರಲ್ಲಿ ಇರಬೇಕು. ಮೂರನೆಯದು ಇಲ್ಲದ ಕಾರಣ ಅರ್ಧ ಕಾರಣ. ಉದಾಹರಣೆಗೆ, ಯಾರೋ ಲ್ಯಾಬ್ ಮ್ಯಾನ್ಯುಯಲಿನ ಅಷ್ಟೂ ಪ್ರೋಗ್ರಾಂ ಕೇಳುತ್ತಾರೆ. "ನಿಯಮ ಮೀರಿದೆ" ಎಂದು ಬರೆದರೆ ಇನ್ನೊಂದು ಹೆಸರಿನಲ್ಲಿ ಮತ್ತೆ ಕೇಳುತ್ತಾರೆ. ನಾವು ಬರೆಯುವುದು ಹೀಗೆ: "ಪೂರ್ತಿ ಮ್ಯಾನ್ಯುಯಲ್ ಕೇಳಿದ ಪೋಸ್ಟ್ ತೆಗೆದಿದ್ದೇವೆ. ನಿಯಮ 4ರ ಪ್ರಕಾರ ಪ್ರೋಗ್ರಾಂ ಬರೆದುಕೊಡುವುದಿಲ್ಲ. ಒಂದು ಪ್ರೋಗ್ರಾಂ ಆರಿಸಿ, ನೀವು ಬರೆದಷ್ಟು ಹಾಕಿ, ನಿಂತ ಜಾಗ ತೋರಿಸಿ. ಅಲ್ಲಿಂದ ಮುಂದೆ ಸೇರಿ ನೋಡೋಣು." ಇದರಲ್ಲಿ ಬೈಗುಳವಿಲ್ಲ, ಉಪದೇಶವೂ ಇಲ್ಲ. ಪರೀಕ್ಷೆ ನಡೆಯುತ್ತಿರುವ ಹೊತ್ತಿನಲ್ಲಿ ಆ ಪರೀಕ್ಷೆಯ ಪ್ರಶ್ನೆಯೇ ಬಂದರೆ ಮಾತ್ರ ಬೇರೆ ದಾರಿ: ಥ್ರೆಡ್ ಲಾಕ್ ಮಾಡುತ್ತೇವೆ, ಉತ್ತರ ಬಂದಿದ್ದರೆ ತೆಗೆದಿಡುತ್ತೇವೆ, ಪರೀಕ್ಷೆ ಮುಗಿದ ಮೇಲೆ ತೆರೆಯುತ್ತೇವೆ. ತೆರೆಯುವ ಸಮಯವನ್ನು ಲಾಕ್ ಮಾಡುವಾಗಲೇ ಬರೆಯುತ್ತೇವೆ.

ಇನ್ನು ಫಿಲ್ಟರುಗಳ ವಿಚಾರ. ಸಂದೇಶಗಳನ್ನು ತಾನಾಗಿ ಸೋಸುವ ಡಿಸ್ಕಾರ್ಡ್‌ನ ಆಟೊಮಾಡ್ 2022ರಲ್ಲಿ ಬಂತು. ಬೈಗುಳಗಳ ಪಟ್ಟಿ ಕೊಟ್ಟರೆ ಸಂದೇಶ ಪ್ರಕಟವಾಗುವ ಮೊದಲೇ ತಡೆಯುತ್ತದೆ. ಪ್ರೋಗ್ರಾಮಿಂಗ್ ಬಳಗದಲ್ಲಿ ಇದನ್ನು ಕಣ್ಣುಮುಚ್ಚಿ ಹಾಕಿದರೆ ಗ್ರಹಚಾರ. ಪಟ್ಟಿಯ ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಅಕ್ಷರಗಳು ಯಾವ ಪದದ ಹೊಟ್ಟೆಯಲ್ಲಿದ್ದರೂ ಅದು ಹಿಡಿಯುತ್ತದೆ. ಇಂಗ್ಲಿಷಿನ ಮೂರಕ್ಷರದ ಒಂದು ಸಾಮಾನ್ಯ ಬೈಗುಳವನ್ನು ಹಾಗೆ ಸೇರಿಸಿ ನೋಡಿ: ಕ್ಲಾಸ್, ಅಸೈನ್‌ಮೆಂಟ್, ಅಸೆಂಬ್ಲಿ, ಪಾಸ್‌ವರ್ಡ್ ನಾಲ್ಕೂ ನಿಂತುಹೋಗುತ್ತವೆ. ಕೊಲೆ, ಬೆದರಿಕೆಯ ಪದಗಳದ್ದೂ ಅದೇ ಕಥೆ. ಲಿನಕ್ಸ್ ಕಲಿಯುವವರು ಪ್ರಾಸೆಸ್ಸನ್ನು (ಓಡುತ್ತಿರುವ ಪ್ರೋಗ್ರಾಮನ್ನು) ಕಿಲ್ ಮಾಡುತ್ತಾರೆ, ಪೇರೆಂಟ್ ಸತ್ತಾಗ ಚೈಲ್ಡ್ ಆರ್ಫನ್ ಆಗುತ್ತದೆ, ಮುಗಿದ ಚೈಲ್ಡನ್ನು ಪೇರೆಂಟ್ ವಿಚಾರಿಸದಿದ್ದರೆ ಅದು ಜಾಂಬಿಯಾಗಿ ಉಳಿಯುತ್ತದೆ. ಆಪರೇಟಿಂಗ್ ಸಿಸ್ಟಂ ಪಾಠ ಶುರುವಾದ ವಾರದಲ್ಲಿ ಈ ಪದಗಳಿಲ್ಲದ ಪ್ರಶ್ನೆಯೇ ಇರುವುದಿಲ್ಲ. ಆದ್ದರಿಂದ ಇಂಥ ಪದಗಳಿಗೆ ತಡೆ ಹಾಕದೆ, ಮಾಡರೇಟರುಗಳ ಚಾನೆಲಿಗೆ ಸೂಚನೆ ಮಾತ್ರ ಬರುವಂತೆ ಇಡಬೇಕು. ತಡೆ ಇರಬೇಕಾದದ್ದು ಪೂರ್ತಿ ಪದವಾಗಿ ಬರುವ ಕೆಲವೇ ಬೈಗುಳಗಳಿಗೆ ಮತ್ತು ಹಣ ದುಪ್ಪಟ್ಟು ಮಾಡಿಕೊಡುತ್ತೇವೆನ್ನುವ ಲಿಂಕುಗಳಿಗೆ.

ಕನ್ನಡದ ಫಿಲ್ಟರಿಗೆ ಇನ್ನೂ ಒಂದು ಪದರ ಇದೆ. ಒಂದೇ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಏಳೆಂಟು ಬಗೆಯಲ್ಲಿ ಬರೆಯುತ್ತಾರೆ, ಸ್ವರ ಎಳೆದು, ಹ ಸೇರಿಸಿ, ಬಿಟ್ಟು. ಅದನ್ನು ಪಟ್ಟಿ ಮಾಡಬಹುದು. ಕನ್ನಡ ಲಿಪಿಯಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದ ಕಂಪ್ಯೂಟರಿಗೆ ಬೇರೆ ಬೇರೆಯಾಗಿರಬಹುದು. 'ಕೊ' ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ಹೋಲಿಸುವ ಮುನ್ನ ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಇನ್ನೊಂದು, 'ಸಾಫ್ಟ್‌ವೇರ್' ಎಂಬ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕುಳಿತಿರುತ್ತದೆ, ಟಕಾರಕ್ಕೆ ವಕಾರ ಒತ್ತಾಗಿ ಅಂಟದಂತೆ ತಡೆಯುವ ಶೂನ್ಯ ಅಗಲದ ನಾನ್-ಜಾಯಿನರ್. ಅದನ್ನು ಬೈಗುಳದ ನಡುವೆ ತುರುಕಿ ಫಿಲ್ಟರ್ ದಾಟುವವರಿದ್ದಾರೆ. ನಮ್ಮ ಬಾಟ್ (ಗುಂಪಿನಲ್ಲಿ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಮೊದಲು ಸಂದೇಶದ ಒಂದು ಪ್ರತಿ ತೆಗೆದುಕೊಂಡು, ಆ ಪ್ರತಿಯಲ್ಲಿ ಮಾತ್ರ ಈ ಸಂಕೇತ ಕಿತ್ತು, ಎನ್‌ಎಫ್‌ಸಿ ಮಾಡಿ, ಪಟ್ಟಿಯೊಂದಿಗೆ ಹೋಲಿಸುತ್ತದೆ. ಮೂಲ ಸಂದೇಶವನ್ನು ಮುಟ್ಟಬಾರದು. ಮುಟ್ಟಿದರೆ ಒಳ್ಳೆಯ ಕನ್ನಡವೂ 'ಸಾಫ್ಟ್ವೇರ್' ಆಗಿ ಕೆಡುತ್ತದೆ. ಇದೇ ಸಂಕೇತ ಕನ್ನಡ ಕೀಬೋರ್ಡಿನಿಂದ ಕೋಡಿನೊಳಗೆ ನುಸುಳಿದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ, ಸಾಲು ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಕಾಮೆಂಟು ಅಥವಾ ಉದ್ಧರಣ ಚಿಹ್ನೆಯೊಳಗಿದ್ದರೆ ತೊಂದರೆಯಿಲ್ಲ, ಹೊರಗಿದ್ದರೆ ಆ ಸಾಲನ್ನು ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡುವುದೇ ಸುಲಭ.

ಎಲ್ಲಕ್ಕಿಂತ ಬೇಗ ಕೈಹಾಕಬೇಕಾದದ್ದು ಗುಟ್ಟಿನ ಮಾಹಿತಿ ಬಯಲಾದಾಗ. ಪ್ರಾಜೆಕ್ಟ್ ಕೋಡ್ ಅಂಟಿಸುವ ಭರದಲ್ಲಿ ಕ್ಲೌಡ್ ಸೇವೆಯ ಕೀ, ಡೇಟಾಬೇಸ್ ಪಾಸ್‌ವರ್ಡ್, ಗಿಟ್‌ಹಬ್ ಟೋಕನ್ ಹಾಗೇ ಬಂದುಬಿಡುತ್ತವೆ. ಪೋಸ್ಟ್ ಡಿಲೀಟ್ ಮಾಡಿ ಸುಮ್ಮನಾದರೆ ಸಾಲದು. ಅಷ್ಟರಲ್ಲಿ ಯಾರು ನೋಡಿದ್ದಾರೋ, ನೋಟಿಫಿಕೇಶನ್‌ನಲ್ಲಿ ಎಷ್ಟು ಜನರ ಫೋನಿಗೆ ಹೋಗಿದೆಯೋ. ಮಾಡರೇಟರ್ ಪೋಸ್ಟ್ ತೆಗೆದು ಕೂಡಲೇ ಬರೆದವರಿಗೆ ಖಾಸಗಿಯಾಗಿ ತಿಳಿಸಬೇಕು: ಆ ಕೀಯನ್ನು ಮೊದಲು ರದ್ದು ಮಾಡಿ, ಹೊಸದು ತೆಗೆದುಕೊಳ್ಳಿ, ಬಿಲ್ಲಿಂಗ್ ಪುಟ ನೋಡಿ, ಆಮೇಲೆ ಕೋಡ್ ತಿದ್ದಿ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ಗೆ ಕಮಿಟ್ ಮಾಡಿದ್ದರೆ (ಉಳಿಸಿದ್ದರೆ) ಹೊಸ ಕಮಿಟ್‌ನಲ್ಲಿ ಅಳಿಸಿದರೂ ಹಳೆಯ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ನಮ್ಮ ಕಡೆಯ ವಿಶೇಷವೆಂದರೆ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ. ರೆಕಾರ್ಡ್ ಬುಕ್ಕಿನ ಫೋಟೊದಲ್ಲಿ, ಕೋಡಿನ ಮೇಲಿನ ಕಾಮೆಂಟಿನಲ್ಲಿ ಅದನ್ನು ಬರೆದೇ ಇರುತ್ತಾರೆ. ಆ ಹತ್ತು ಅಂಕೆ-ಅಕ್ಷರಗಳಲ್ಲಿ ವಲಯ, ಕಾಲೇಜು, ಸೇರಿದ ವರ್ಷ, ವಿಭಾಗ, ಕ್ರಮಸಂಖ್ಯೆ ಎಲ್ಲವೂ ಇದೆ. ಹೆಣ್ಣುಮಕ್ಕಳು ಪ್ರಶ್ನೆ ಕೇಳಿದ ಕೂಡಲೇ ಅಪರಿಚಿತರ ಖಾಸಗಿ ಸಂದೇಶ ಬರುವುದಕ್ಕೆ ಇದೂ ಒಂದು ದಾರಿ. ಯುಎಸ್‌ಎನ್ ಕಂಡರೆ ಕೇಳದೇ ತೆಗೆಸುತ್ತೇವೆ, ಅಂಥ ಖಾಸಗಿ ಸಂದೇಶದ ದೂರು ಬಂದು ಸ್ಕ್ರೀನ್‌ಶಾಟಿನಿಂದ ಖಚಿತವಾದರೆ ಮೊದಲ ಸಲವೇ ಹೊರಗೆ ಹಾಕುತ್ತೇವೆ. ಈ ಒಂದು ವಿಷಯದಲ್ಲಿ ಎಚ್ಚರಿಕೆ, ಎರಡನೆಯ ಅವಕಾಶ ಎಂಬುದಿಲ್ಲ.

ತಪ್ಪು ಉತ್ತರವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಕೆಳಗೆ ತಿದ್ದುಪಡಿ ಬರೆದು ಬಿಡುತ್ತೇವೆ, ಏಕೆಂದರೆ ಏಕೆ ತಪ್ಪು ಎಂಬುದೂ ಓದುವವರಿಗೆ ಪಾಠ. ಸಿಎನ್‌ಸಿ ಮತ್ತು ಮೋಟಾರಿನ ಪ್ರಶ್ನೆಗಳಲ್ಲಿ ಹಾಗೆ ಬಿಡಲಾಗದು. ಯಂತ್ರ ನಡೆಸುವ ಫ್ಯಾನುಕ್ ಕಂಪನಿಯ ಹಲವು ಕಂಟ್ರೋಲರುಗಳಲ್ಲಿ ಎಕ್ಸ್ 10 ಎಂದು ಬರೆದು ಕೊನೆಗೆ ದಶಮಾಂಶ ಚುಕ್ಕೆ ಇಟ್ಟರೆ ಹತ್ತು ಮಿಲಿಮೀಟರ್. ಚುಕ್ಕೆ ಬಿಟ್ಟರೆ ಹತ್ತು ಮೈಕ್ರಾನ್, ಅಂದರೆ 0.010 ಮಿಲಿಮೀಟರ್. ಉತ್ತರವನ್ನು ಅಂದಗೊಳಿಸಲು ಹೋದ ಯಾರಾದರೂ "ಚುಕ್ಕೆ ಸುಮ್ಮನೆ ಬಿದ್ದಿದೆ" ಎಂದು ತೆಗೆದರೆ ಟೂಲ್ ಹೋಗುವ ಜಾಗವೇ ಬದಲಾಗುತ್ತದೆ. ಹಾಗಾಗಿ ಜಿ-ಕೋಡ್ (ಸಿಎನ್‌ಸಿ ಯಂತ್ರಕ್ಕೆ ಆದೇಶ ಕೊಡುವ ಭಾಷೆ) ಇರುವ ಉತ್ತರವನ್ನು ಆ ಯಂತ್ರ ನಡೆಸಿ ಗೊತ್ತಿರುವವರು ಮಾತ್ರ ತಿದ್ದಿಸಬೇಕು. ಯಾವ ಕಂಟ್ರೋಲರ್, ಮಿಲಿಮೀಟರೋ ಇಂಚೋ, ಟೂಲ್ ಆಫ್‌ಸೆಟ್ (ಟೂಲಿನ ಅಳತೆಯ ಹೊಂದಾಣಿಕೆ) ಎಲ್ಲಿ ಸೇರಿಸಿದೆ ಎಂಬುದಿಲ್ಲದ ಉತ್ತರವನ್ನು ಅದು ಸೇರುವವರೆಗೆ ತೆಗೆದಿಡುತ್ತೇವೆ. ಜಾಬ್ (ಕೊರೆಯಬೇಕಾದ ತುಂಡು) ಕಟ್ಟದೆ ಸಿಂಗಲ್ ಬ್ಲಾಕ್‌ನಲ್ಲಿ (ಒಂದೊಂದೇ ಸಾಲಾಗಿ) ಒಮ್ಮೆ ಓಡಿಸಿ ನೋಡ್ರಿ ಎಂಬ ಸಾಲು ಕೊನೆಯಲ್ಲಿ ಇರಲೇಬೇಕು.

ಪಂಪಿನ ವಿಷಯವೂ ಹಾಗೆಯೇ. ವಿಜಯಪುರದ ದ್ರಾಕ್ಷಿ ತೋಟವಿರಲಿ, ಬಾಗಲಕೋಟೆಯ ಕಬ್ಬಿನ ಹೊಲವಿರಲಿ, ಮಣ್ಣಿನ ತೇವ ನೋಡಿ ಪಂಪ್ ಚಾಲೂ ಮಾಡುವ ಪ್ರಾಜೆಕ್ಟ್ ಪ್ರತಿ ವರ್ಷ ಬರುತ್ತದೆ. 10 ಆಂಪಿಯರ್ ಎಂದು ಬರೆದಿರುವ ಪುಟ್ಟ ರಿಲೇಗೆ (ಕೋಡಿನಿಂದ ನಡೆಯುವ ಸ್ವಿಚ್ಚಿಗೆ) ಐದು ಎಚ್‌ಪಿ ಮೋಟಾರನ್ನು ನೇರ ಜೋಡಿಸಿ ಎಂಬ ಉತ್ತರ ಕಂಡರೆ ತಕ್ಷಣ ತೆಗೆಯಬೇಕು. ಮೋಟಾರ್ ಎದ್ದೇಳುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು. ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಕೋಡ್ ನಿಲ್ಲಿಸು ಎಂದರೂ ಪಂಪ್ ನಿಲ್ಲದು. ರಿಲೇಯಿಂದ ನಡೆಸಬೇಕಾದದ್ದು ಸ್ಟಾರ್ಟರಿನ ಕಾಂಟ್ಯಾಕ್ಟರ್ (ದೊಡ್ಡ ಕರೆಂಟು ತಾಳುವ ಸ್ವಿಚ್) ಕಾಯಿಲನ್ನು, ಓವರ್‌ಲೋಡ್ ರಕ್ಷಣೆ ಹಾಗೇ ಉಳಿಯಬೇಕು, ವೈರಿಂಗ್ ಎಲೆಕ್ಟ್ರಿಶಿಯನ್ ಕೈಯಿಂದ ಆಗಬೇಕು.

ಎಐ ಬರೆದ ಉತ್ತರಗಳ ಬಗ್ಗೆ: ಚಾಟ್‌ಜಿಪಿಟಿ ಬಂದ ಕೆಲವೇ ದಿನಗಳಲ್ಲಿ, 2022ರ ಡಿಸೆಂಬರಿನಲ್ಲಿ, ಸ್ಟ್ಯಾಕ್ ಓವರ್‌ಫ್ಲೋ ಅಂಥ ಉತ್ತರಗಳನ್ನು ನಿಷೇಧಿಸಿತು. ಬರೆದದ್ದು ಯಂತ್ರವೋ ಮನುಷ್ಯರೋ ಎಂದು ಪತ್ತೆ ಹಚ್ಚುವ ಕೆಲಸಕ್ಕೆ ನಾವು ಇಳಿಯುವುದಿಲ್ಲ, ಅದರಲ್ಲಿ ಅಮಾಯಕರು ಸಿಕ್ಕಿಬೀಳುತ್ತಾರೆ. ಉತ್ತರದ ಜೊತೆ ಕಂಪೈಲರ್ ಅಥವಾ ಪೈಥಾನ್ ಆವೃತ್ತಿ, ಕೊಟ್ಟ ಇನ್‌ಪುಟ್, ಬಂದ ಔಟ್‌ಪುಟ್ ಇರಬೇಕು ಎಂಬ ನಿಯಮ ಸಾಕು. ಓಡಿಸಿ ನೋಡದೆ ಅಂಟಿಸಿದವರಿಂದ ಇವು ಬರುವುದಿಲ್ಲ.

ಬೆಳಗಾವಿ ಎಂದ ಮೇಲೆ ಭಾಷೆಯ ಮಾತು ಬಂದೇ ಬರುತ್ತದೆ. ಬಳಗದ ಭಾಷೆ ಕನ್ನಡ. ಮನೆಯಲ್ಲಿ ಮರಾಠಿ ಆಡುವ ಸದಸ್ಯರೂ ಬಹಳ ಮಂದಿ ಇದ್ದಾರೆ. ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಬಹುದು. ಥ್ರೆಡ್ಡಿನ ಶೀರ್ಷಿಕೆ ಮತ್ತು ಎರರ್ ಸಂದೇಶವನ್ನು ಮಾತ್ರ ಪರದೆಯಲ್ಲಿ ಇದ್ದಂತೆಯೇ ಬರೆಯಬೇಕು, ಹುಡುಕಿದರೆ ಸಿಗಲಿ ಎಂದು. ಗಡಿ ವಿವಾದದ ಚರ್ಚೆಗೆ ಇಲ್ಲಿ ಜಾಗವಿಲ್ಲ. ನವೆಂಬರ್ 1ರ ಆಸುಪಾಸು ಹರಟೆಯ ಗುಂಪಿನಲ್ಲಿ ಸ್ಲೋ ಮೋಡ್ ಹಾಕುತ್ತೇವೆ, ಒಬ್ಬರ ಎರಡು ಸಂದೇಶಗಳ ನಡುವೆ ಬಿಡುವು ಬೀಳುವಂತೆ. ಹಾಕುವ ಮುನ್ನ ಹೇಳುತ್ತೇವೆ, ತೆಗೆದಾಗಲೂ ಹೇಳುತ್ತೇವೆ. ಈ ಕೆಲಸದಲ್ಲಿ ಕನ್ನಡ ಮಾಡರೇಟರ್ ಒಬ್ಬರು, ಮನೆಮಾತು ಮರಾಠಿಯಾದವರು ಒಬ್ಬರು ಜೊತೆಗಿರಬೇಕು. ಒಬ್ಬರೇ ಕೈಗೊಂಡ ನಿರ್ಧಾರ ಎಷ್ಟೇ ನ್ಯಾಯವಾಗಿದ್ದರೂ ಪಕ್ಷಪಾತದಂತೆ ಕಾಣುತ್ತದೆ.

ದೂರು, ಸಲಹೆಗಳಿಗೆ ಬೇರೆಯೇ ಚಾನೆಲ್ ಇದೆ, ಹೆಸರು ಹೇಳಲು ಇಷ್ಟವಿಲ್ಲದವರಿಗೆ ಗೂಗಲ್ ಫಾರ್ಮ್ ಇದೆ. ಮುಖ್ಯ ಥ್ರೆಡ್ಡಿನಲ್ಲೇ ಜಗಳ ಬೆಳೆದರೆ ಪ್ರಶ್ನೆ ಕೇಳಿದವರು ಕಳೆದುಹೋಗುತ್ತಾರೆ. 2021ರಲ್ಲಿ ಕೇಂದ್ರದ ಐಟಿ ನಿಯಮಗಳು ಬಂದಾಗ, ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಿ, 15 ದಿನದಲ್ಲಿ ಇತ್ಯರ್ಥ ಮಾಡಬೇಕು ಎಂದು ಜಾಲತಾಣ ಸಂಸ್ಥೆಗಳಿಗೆ ವಿಧಿಸಿದವು. ನಮ್ಮಂಥ ಬಳಗಕ್ಕೂ ಅದು ಒಳ್ಳೆಯ ಅಳತೆ ಅನಿಸಿ, ಮೊದಲ 24 ಗಂಟೆಯ ಮಾತನ್ನು ಹಾಗೆಯೇ ತೆಗೆದುಕೊಂಡೆವು. "ನೋಡಿದ್ದೇವೆ, ನಾಳೆ ಸಂಜೆಯೊಳಗೆ ಹೇಳ್ತೀವಿ" ಎಂಬ ಒಂದು ಸಾಲು ಬಂದರೆ ಜನ ಕಾಯುತ್ತಾರೆ. ಏನೂ ಬಾರದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಕಾಲೇಜಿನ ಗುಂಪುಗಳಿಗೆ ಹಾಕುತ್ತಾರೆ, ಆಮೇಲೆ ವಿವರಿಸಿ ಫಲವಿಲ್ಲ. ಪೋಸ್ಟ್ ತೆಗೆದವರೇ ಅದರ ಮೇಲಿನ ದೂರು ನೋಡುವಂತಿಲ್ಲ. ಇನ್ನೊಬ್ಬ ಮಾಡರೇಟರ್ ಬರೆದಿಟ್ಟ ಕಾರಣ ಓದಿ ತೀರ್ಮಾನಿಸುತ್ತಾರೆ. ಕಾರಣ ಬರೆದಿಲ್ಲವಾದರೆ ವಿಚಾರಣೆಯೇ ಬೇಡ, ಪೋಸ್ಟ್ ಮತ್ತೆ ಹಾಕಿಸುತ್ತೇವೆ. ಈ ನಿಯಮ ಬಂದ ಮೇಲೆ ಕಾರಣ ಬರೆಯದೆ ತೆಗೆಯುವ ಅಭ್ಯಾಸ ತಾನಾಗಿ ಹೋಯಿತು.

ದೂರುಗಳಲ್ಲಿ ನಿಯಮದ ಬಗ್ಗೆ ಇರುವವು ಕಡಿಮೆ, ದನಿಯ ಬಗ್ಗೆ ಇರುವವು ಹೆಚ್ಚು. "ಇಷ್ಟೂ ಗೊತ್ತಿಲ್ಲೇನು?" ಎಂಬ ಒಂದು ಮಾತಿಗೆ ಮೊದಲ ಸೆಮಿಸ್ಟರಿನ ಹುಡುಗಿ ಮತ್ತೆ ಪ್ರಶ್ನೆ ಕೇಳುವುದಿಲ್ಲ. ಹೀಗೆ ಬರೆಯುವವರು ಬಹುಪಾಲು ನಮ್ಮಲ್ಲಿ ಅತಿ ಹೆಚ್ಚು ಉತ್ತರ ಕೊಡುವ ಹಿರಿಯರೇ. ಅವರನ್ನು ಎಲ್ಲರೆದುರು ತಿದ್ದಿದರೆ ಬಿಟ್ಟು ಹೋಗುತ್ತಾರೆ, ಸುಮ್ಮನಿದ್ದರೆ ಹೊಸಬರು ಹೋಗುತ್ತಾರೆ. ಆ ಸಾಲನ್ನು ಮಾತ್ರ ತೆಗೆಸಿ, ಉತ್ತರ ಉಳಿಸಿ, ಖಾಸಗಿಯಾಗಿ ಮಾತಾಡುತ್ತೇವೆ: "ಅಣ್ಣಾರ, ಉತ್ತರ ಭಾಳ ಛಲೋ ಐತ್ರಿ. ಮೊದಲನೇ ಸಾಲು ಒಂದು ತೆಗೀರಿ, ಆ ಹುಡುಗಿ ಮತ್ತ ಕೇಳೂದಿಲ್ಲ." ಮತ್ತೆ ಮತ್ತೆ ಆದರೆ ಒಂದು ದಿನದ ಟೈಮ್‌ಔಟ್ (ಸಂದೇಶ ಹಾಕದಂತೆ ತಡೆ), ಆಮೇಲೆ ಒಂದು ವಾರ. ಡಿಸ್ಕಾರ್ಡ್ 28 ದಿನದವರೆಗೆ ಟೈಮ್‌ಔಟ್ ಕೊಡಬಹುದು, ಅಷ್ಟು ಕೊಡಬೇಕಾದ ಸ್ಥಿತಿ ಬಂದರೆ ಬ್ಯಾನ್ ಬಗ್ಗೆಯೇ ಎಲ್ಲ ಮಾಡರೇಟರುಗಳು ಕುಳಿತು ಮಾತಾಡುವುದು ಒಳ್ಳೆಯದು.

ಇದೆಲ್ಲದರ ದಾಖಲೆ ನಾವೇ ಇಟ್ಟುಕೊಳ್ಳಬೇಕು. ಟೆಲಿಗ್ರಾಂನ ಇತ್ತೀಚಿನ ಕ್ರಮಗಳ ಪಟ್ಟಿಯಲ್ಲಿ 48 ಗಂಟೆಯಷ್ಟೇ ಹಿಂದಕ್ಕೆ ನೋಡಬಹುದು. ಡಿಸ್ಕಾರ್ಡ್‌ನ ಆಡಿಟ್ ಲಾಗ್ ಸ್ವಲ್ಪ ಹೆಚ್ಚು ಕಾಲ ಉಳಿದರೂ ಒಂದು ಸೆಮಿಸ್ಟರ್ ಪೂರ್ತಿ ಉಳಿಯದು. ಒಂದು ಶೀಟಿನಲ್ಲಿ ದಿನಾಂಕ, ಥ್ರೆಡ್ ಲಿಂಕ್, ಏನು ಮಾಡಿದ್ದು, ಕಾರಣ, ಮಾಡಿದವರು, ದೂರು ಬಂತೇ, ಏನಾಯಿತು ಎಂದು ಬರೆಯುತ್ತೇವೆ. ತಿಂಗಳಿಗೊಮ್ಮೆ ಓದಿದರೆ ಯಾವ ನಿಯಮ ಜನರಿಗೆ ಅರ್ಥವಾಗುತ್ತಿಲ್ಲ ಎಂಬುದು ಅಲ್ಲೇ ಕಾಣುತ್ತದೆ. ಒಂದೇ ನಿಯಮಕ್ಕೆ ಮೇಲಿಂದ ಮೇಲೆ ದೂರು ಬಂದಿದ್ದರೆ ಆ ನಿಯಮವನ್ನು ತಿದ್ದಿ ಬರೆಯುತ್ತೇವೆ.

ಜೂನ್, ಜುಲೈ ಹೊತ್ತಿಗೆ ಅಂತಿಮ ವರ್ಷದ ಮಾಡರೇಟರುಗಳು ಬೆಂಗಳೂರು, ಪುಣೆ ಎಂದು ಹೊರಡುತ್ತಾರೆ. ಹೊಸಬರನ್ನು ಪರೀಕ್ಷೆಗೆ ಮುಂಚೆಯೇ ಜೊತೆಗೆ ಕೂರಿಸಿಕೊಳ್ಳಬೇಕು. ಮೊದಲು ಸ್ವಲ್ಪ ದಿನ ಕಾರಣ ಬರೆಯುವ ಕೆಲಸ ಮಾತ್ರ, ಗುಂಡಿ ಒತ್ತುವುದು ಹಳಬರು. ಗುಂಪಿನ ಮಾಲೀಕತ್ವ ವರ್ಗಾಯಿಸುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಟೆಲಿಗ್ರಾಂನಲ್ಲಿ ಮಾಲೀಕರು ಎರಡು ಹಂತದ ಪರಿಶೀಲನೆ ಹಾಕಿ ಏಳು ದಿನ ಆಗಿರಬೇಕು, ಆ ಫೋನಿನಲ್ಲಿ ಲಾಗಿನ್ ಆಗಿ 24 ಗಂಟೆ ಕಳೆದಿರಬೇಕು, ಇಲ್ಲದಿದ್ದರೆ ವರ್ಗಾವಣೆ ಆಗುವುದಿಲ್ಲ. ಬಾಟ್ ಓಡುತ್ತಿರುವ ಸರ್ವರಿನ ಪಾಸ್‌ವರ್ಡ್, ಬಾಟ್‌ನ ಟೋಕನ್ ಎರಡನ್ನೂ ಅದೇ ವಾರ ಬದಲಿಸಿ, ಹೊರಟವರ ಅಡ್ಮಿನ್ ಹಕ್ಕು ತೆಗೆದು, ತೆಗೆದದ್ದರ ಕಾರಣವನ್ನೂ ಶೀಟಿನಲ್ಲಿ ಬರೆಯಬೇಕು.